ಮಾಂತ್ರಿಕನ ಎಂಟನೆಯ ಕೈ

ಕಾರ್ತಿಕದಿಂದ ಯುಗಾದಿ ಕಳೆಯುವವರೆಗೆ ನಮ್ಮ ಮನೆಯಲ್ಲಿ ಮುದ್ದೆ ಮಾಡಲಿಲ್ಲ. ರಾಗಿ ಬೆಳೆಯುವ ಮನೆ ನಮ್ಮದು. ಹೊಸ ರಾಗಿಯ ಮೂಟೆಗಳು ನಡುಮನೆಯ ಗೋಡೆಗೆ ಒರಗಿ ಕೂತಿದ್ದವು. ಆದರೂ ಎರಡು ಹೊತ್ತೂ ಅನ್ನವೇ. ಮುದ್ದೆ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಒಂದು ದಿನ ನನ್ನ ಸೊಸೆ ಮುದ್ದೆಕೋಲನ್ನು ತೊಳೆದು, ಒಣಗಿಸಿ, ಅಟ್ಟದ ಮೇಲಿಟ್ಟಳು. ನಾನು ನೋಡಿದೆ, ಕೇಳಲಿಲ್ಲ. ನನ್ನ ಮಗ ಡೈರಿಗೆ ಹಾಲು ಹಾಕಿ ಬಂದು ತಟ್ಟೆಯ ಮುಂದೆ ಕೂತು ಅನ್ನವನ್ನು ನೋಡಿದ. ಅವನೂ ಕೇಳಲಿಲ್ಲ.

ಕಾರಣ ನನ್ನ ಮೊಮ್ಮಗನ ಕೈ.

ಅವನು ಸೋಂಪುರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಮಿಷನ್ನಿನ ಮೇಲೆ ಕೆಲಸಕ್ಕಿದ್ದ. ಇನ್ನೂ ಮದುವೆಯಾಗದ ಹುಡುಗ. ಒಂದು ದಿನ ಆ ಮಿಷನ್ನು ಅವನ ಬಲಗೈಯ ಮೇಲೆ ಇಳಿಯಿತು. ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಜೀವ ಉಳಿಯಿತಲ್ಲ ಎಂದರು ಬಂದವರೆಲ್ಲ. ನಾನೂ ಅದನ್ನೇ ಅಂದೆ.

ಮುದ್ದೆ ಉಣ್ಣುವವರಿಗೆ ಅದರ ಕಷ್ಟ ಗೊತ್ತು. ಬಿಸಿ ಮುದ್ದೆಯನ್ನು ಬೆರಳ ತುದಿಯಲ್ಲಿ ಮುರಿಯಬೇಕು, ಉಂಡೆ ಮಾಡಬೇಕು, ಸಾರಿನಲ್ಲಿ ಹೊರಳಿಸಬೇಕು, ನಾಲಗೆಯ ಮೇಲಿಟ್ಟು ನುಂಗಬೇಕು. ಎಲ್ಲ ಕೆಲಸವೂ ಬೆರಳಿನದೇ. ಚಮಚದಲ್ಲಿ ಉಣ್ಣಲು ಹೋದರೆ ಮುದ್ದೆ ಚಮಚಕ್ಕೇ ಅಂಟಿಕೊಂಡು ಕೂರುತ್ತದೆ. ಎಡಗೈಯಲ್ಲಿ ಉಣ್ಣುವುದು ನಮ್ಮ ಕಡೆ ಇಲ್ಲ. ಸಾಲಿನಲ್ಲಿ ಕೂತು ಯಾರಾದರೂ ಎಡಗೈಯನ್ನು ತಟ್ಟೆಗೆ ಇಟ್ಟರೆ ನೋಡುವವರು ಮುಖ ತಿರುಗಿಸುತ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಧ್ಯಾಹ್ನ ನೆಂಟರೆಲ್ಲ ಇದ್ದರು. ಅವನೂ ಸಾಲಿನಲ್ಲಿ ಕೂತ. ಅವರಮ್ಮ ಎಲ್ಲರಿಗೂ ಇಟ್ಟ ಹಾಗೆ ಅವನಿಗೂ ಮುದ್ದೆ ಇಟ್ಟಳು. ಅವನು ಉಳಿದೆರಡು ಬೆರಳಿನಲ್ಲಿ ಅದನ್ನು ಮುರಿಯಲು ನೋಡಿದ. ಮುದ್ದೆ ಜಾರಿ ಸಾರಿಗೆ ಬಿತ್ತು, ಸಾರು ಅಂಗಿಗೆಲ್ಲ ಹಾರಿತು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತೇನೋ. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ತಟ್ಟೆ ನೋಡಿದರು. ಅವನು ಕೈಯ ಮೇಲೆ ಟವೆಲ್ ಹಾಕಿಕೊಂಡು ಎದ್ದ. ಅಂದಿನಿಂದ ಅವನ ಊಟ ಅವನ ಕೋಣೆಗೆ ಹೋಯಿತು. ಅನ್ನ, ಚಮಚ, ಮುಚ್ಚಿದ ಬಾಗಿಲು.

ಈ ಹುಡುಗ ಮೊದಲು ಹೇಗಿದ್ದ ಎಂದು ಹೇಳದಿದ್ದರೆ ಆಮೇಲೆ ನನಗಾದ ಸಂತೋಷ ಎಷ್ಟು ದೊಡ್ಡದು ಎಂದು ಓದುವವರಿಗೆ ಹೇಗೆ ತಿಳಿಯಬೇಕು!

ಈಗಿನ ದೊಡ್ಡ ದೊಡ್ಡ ಸಿನಿಮಾಗಳನ್ನು ನೀವೂ ನೋಡಿರುತ್ತೀರಿ. ರಾಜಕುಮಾರ ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತಾನೆ, ಬಾಚಿದ ಕೂದಲು ಬಾಚಿದ ಹಾಗೇ ಇರುತ್ತದೆ. ರಾಕ್ಷಸರು ಬೆಂಕಿ ಉಗುಳುತ್ತಾರೆ. ಯಾರು ಎದ್ದು ಎರಡು ಹೆಜ್ಜೆ ಇಟ್ಟರೂ ಹೊಗೆ, ಗಾಳಿ, ನಗಾರಿ. ಅಂಥ ಸಿನಿಮಾ ಬಂದರೆ ನನ್ನ ಮೊಮ್ಮಗ ದೊಡ್ಡಬಳ್ಳಾಪುರಕ್ಕೆ ಹೋಗಿ ಮೊದಲ ದಿನವೇ ನೋಡಿ ಬಂದು, ಹಜಾರದಲ್ಲಿ ನಿಂತು ನಮಗೆಲ್ಲ ಆಡಿ ತೋರಿಸುತ್ತಿದ್ದ.

“ಅಜ್ಜಿ, ಆ ರಾಜ ಇಡೀ ಸಿನಿಮಾದಲ್ಲಿ ಒಂದ್ಸಲಾನೂ ಊಟ ಮಾಡಲ್ಲ ಕಣಜ್ಜಿ! ಬರೀ ಕತ್ತಿ ಬೀಸ್ತಾನೆ. ಮುದ್ದೆ ತಿನ್ನದೆ ಆ ತೋಳು ಹೆಂಗೆ ಬಂತು, ಕೇಳು ನೀನೇ.”

“ಅವನ ಹೆಂಡ್ತೀನ ಕೇಳಬೇಕು ಕಣೋ,” ಎನ್ನುತ್ತಿದ್ದೆ ನಾನು.

ಅವನ ಅಕ್ಕ, ನನ್ನ ಮೊಮ್ಮಗಳು, ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ. ಶಿಫ್ಟ್ ಮುಗಿಸಿ ಬಂದು ಇವನ ಆಟ ನೋಡಿ ನಕ್ಕು ನಕ್ಕು, “ಲೋ, ಇದನ್ನೇ ಫೋನಲ್ಲಿ ತೆಗೆಯೋಣ ಕಣೋ,” ಎಂದಳು. ಹೀಗೆ ವಿಡಿಯೋ ತೆಗೆದು ನೆಟ್ಟಿಗೆ ಹಾಕುವುದು ಶುರುವಾಯಿತು. ಭಾನುವಾರ ಬಂದರೆ ಅವಳ ಜೊತೆ ಹೊಲಿಯುವ ಮೂವರು ಹೆಣ್ಣುಮಕ್ಕಳು ಗಾಡಿಯಲ್ಲಿ ಬರುತ್ತಿದ್ದರು. ಹಿತ್ತಿಲೇ ಅರಮನೆ. ಮೊರವೇ ಗುರಾಣಿ, ಮುದ್ದೆಕೋಲೇ ಕತ್ತಿ. ಫ್ರಿಜ್ ಬಂದಿದ್ದ ರಟ್ಟಿನ ಡಬ್ಬದಲ್ಲಿ ಕಿರೀಟ. ಹಾರುವ ಕುದುರೆ ಬೇಕಿದ್ದರೆ ಹಾಲಿನ ಕ್ಯಾನು ಹೊರುವ ಟಿವಿಎಸ್‌ಗೆ ಜಡೆ ಕಟ್ಟಿದರಾಯಿತು. ಹೊಗೆಗೆ ಬೆರಣಿ ಇದ್ದೇ ಇತ್ತು. ರಾಜ ಹೊಗೆಯಿಂದ ನಿಧಾನವಾಗಿ ನಡೆದು ಬರಬೇಕು, ಕೆಮ್ಮಿಕೊಂಡು ಕಣ್ಣುಜ್ಜಿಕೊಂಡು ಬರುತ್ತಿದ್ದ.

ಒಂದು ಸಲ ರಾಜನಾಗಿ ಅವನು ಮಂತ್ರಿಗೆ ಏನೋ ಗುಟ್ಟು ಹೇಳುತ್ತಿದ್ದಾಗ ದೇವನಹಳ್ಳಿಯ ಕಡೆಯಿಂದ ವಿಮಾನವೊಂದು ತಲೆಯ ಮೇಲೆ ಗುಡುಗಿಕೊಂಡು ಹೋಯಿತು. ಬೇರೆಯವರಾಗಿದ್ದರೆ ಮಾತು ನಿಲ್ಲಿಸುತ್ತಿದ್ದರು. ಇವನು ಮೇಲೆ ನೋಡಿ, “ಮಂತ್ರಿಗಳೇ, ನಮ್ಮ ಅತ್ತೆ ಮನೆಯವರು ಬಂದ್ಬಿಟ್ರು. ಎಸರಿಗೆ ಇನ್ನೊಂದು ಚೊಂಬು ನೀರು ಹಾಕ್ಸಿ,” ಎಂದ. ಅದನ್ನು ಹಾಗೇ ಉಳಿಸಿಕೊಂಡರು.

ನನಗೆ ಯಾವಾಗಲೂ ಋಷಿಯ ಪಾತ್ರ. ತೆಂಗಿನ ನಾರಿನ ಗಡ್ಡ ಕಟ್ಟಿಕೊಂಡು ಕೂತು ಶಾಪ ಕೊಡುವುದು ನನ್ನ ಕೆಲಸ. ಎದುರುಮನೆಯಾಕೆ ಬೇಲಿಯ ಮೇಲಿಂದ ಇಣುಕಿ, “ಏನಕ್ಕಾ, ಈ ವಯಸ್ನಾಗೆ ಗಡ್ಡ ಕಟ್ಕಂಡು ಕುಣೀತೀಯ!” ಎಂದಿದ್ದಳು.

“ನಾನು ಚಿಕ್ಕೋಳಿದ್ದಾಗ ಊರ ನಾಟಕದಾಗೆ ಗಂಡಸ್ರಿಗೇ ವೇಷ ಕೊಟ್ರು ಕಣವ್ವಾ. ನಾನು ಕೆಳಗೆ ಕೂತ್ಕಂಡು ನೋಡಿದ್ದೇ ಆಯ್ತು. ಈಗ ಸಿಕ್ಕೈತೆ, ಬಿಡ್ಲಾ?”

ಇದು ಹಾಸ್ಯಕ್ಕೆ ಅಂದದ್ದಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟು ದನ ಕಾಯಲು ಹೋದವಳು ನಾನು. ನನ್ನ ಬಾಯಿಂದ ಬಂದ ಮಾತು ಕೇಳಲು ನಾಲ್ಕು ಜನ ಕಾದು ಕೂರುವುದು ಎಂದರೇನು ಎಂದು ನನಗೆ ತೋರಿಸಿಕೊಟ್ಟವರು ಈ ಇಬ್ಬರು ಮಕ್ಕಳು.

ಅವನ ಕೈ ಹೋದ ಮೇಲೆ ಅದೆಲ್ಲ ನಿಂತಿತು. ಸಾವಿನ ಮನೆಯ ಹಾಗೆ ನಡೆದುಕೊಂಡೆವು ನಾವು. ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ, ಯುಗಾದಿಗೆ ಒಬ್ಬಟ್ಟು ತಟ್ಟಲಿಲ್ಲ. ಟಿವಿ ಹಾಕಿದರೂ ಸದ್ದು ಸಣ್ಣಗೆ. ಅವನಿಗೆ ನೋವಾಗಬಾರದು ಎಂಬುದೊಂದೇ ಎಲ್ಲರ ಮನಸ್ಸಿನಲ್ಲಿ. ಅವನು ಮತ್ತೆ ನಮ್ಮ ಜೊತೆ ಸಾಲಿನಲ್ಲಿ ಕೂತು ಒಂದು ತುತ್ತು ಉಂಡರೆ ಸಾಕು ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದೆ. ಬೆರಳು ವಾಪಸು ಕೊಡು ಎಂದು ಕೇಳಲಿಲ್ಲ. ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಯುಗಾದಿ ಕಳೆದ ವಾರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಮೊಮ್ಮಗಳು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಅಜ್ಜಿ, ಈ ಭಾನುವಾರ ಶೂಟಿಂಗ್ ಮಾಡ್ತೀನಿ.”

“ನಿನಗೇನು ಬುದ್ಧಿಗಿದ್ಧಿ ಐತೇನೇ?”

“ಕೇಳಜ್ಜಿ. ಅವನು ಅವತ್ತು ಹೇಳಿದ್ನಲ್ಲ, ರಾಜ ಊಟಾನೇ ಮಾಡಲ್ಲ ಅಂತ. ಅದನ್ನೇ ತಗೊಂಡಿದ್ದೀನಿ. ಒಬ್ಬ ಮಾಂತ್ರಿಕ. ಅವನಿಗೆ ಎಂಟು ಕೈ. ಮಾಯಾ ಮುದ್ದೆ ಮಾತ್ರ ಒಂದೇ. ಅದನ್ನ ಯಾವ ಕೈ ಉಣ್ಣಬೇಕು ಅಂತ ಕೈಗಳಿಗೇ ಜಗಳ.”

ಬಾಚುವುದನ್ನು ನಿಲ್ಲಿಸಿದೆ. “ಕೈ ಕಥೆ, ಅದರಾಗೆ ಮುದ್ದೆ. ಅವನ ಮುಂದೇನಾ?”

“ಹ್ಞೂಂ.”

“ಅವನಿಗೆ ನೋವಾದ್ರೆ?”

“ಗೊತ್ತಿಲ್ಲಜ್ಜಿ.” ಅವಳ ಕಣ್ಣು ತುಂಬಿತ್ತು. “ನಾವು ನೋವಾಗ್ದೇ ಇರ್ಲಿ ಅಂತ ನೋಡ್ಕೊಂಡ್ ನೋಡ್ಕೊಂಡು ಅವನು ಬಾಗ್ಲೇ ಹಾಕ್ಕೊಂಡ್ಬಿಟ್ಟ.”

ರಾತ್ರಿ ಊಟದ ಹೊತ್ತಿಗೆ ಅವಳು ಈ ಮಾತು ತೆಗೆದಾಗ ನನ್ನ ಸೊಸೆ ಸೌಟು ಕುಕ್ಕಿದಳು. “ಮನೇಲಿ ಹಿಂಗಿರೋವಾಗ ನಿಂಗೆ ಕುಣಿತ ಬೇಕೇನೇ? ಅವನ ಮುಂದೆ ಮುದ್ದೆ ಇಟ್ಕೊಂಡು ಆಡ್ತೀಯಾ? ಅಕ್ಕ ಅನ್ನಿಸ್ಕೊಂಡೋಳು!”

ಕೋಣೆಯ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಮಾತು ಮಾತ್ರ ಬಂತು. “ಮಾಡ್ಕೊಳ್ಲಿ ಬಿಡಮ್ಮ. ನಾನೇನು ಸತ್ತಿದ್ದೀನಾ?”

ನಾವೆಲ್ಲ ತಟ್ಟೆಯಲ್ಲಿ ಕೈಯಿಟ್ಟುಕೊಂಡು ಹಾಗೇ ಕೂತೆವು. ಸೊಸೆ ಕುಕ್ಕಿದ್ದ ಸೌಟನ್ನು ಎತ್ತಿಕೊಂಡು ಅನ್ನ ಬಡಿಸಿದಳು.

ಭಾನುವಾರ ಬೆಳಿಗ್ಗೆ ನಾನೇ ಏಣಿ ಹಾಕಿಸಿ ಅಟ್ಟದ ಮೇಲಿದ್ದ ಮುದ್ದೆಕೋಲನ್ನು ಇಳಿಸಿಕೊಂಡೆ. ಮೊಮ್ಮಗಳು, “ಒಂದೇ ಒಂದು ಮುದ್ದೆ ಸಾಕಜ್ಜಿ,” ಎಂದಳು.

“ಒಂದು ಮುದ್ದೆಗೆ ಯಾರಾದ್ರೂ ಎಸರಿಡ್ತಾರೇನೇ? ಬಂದ ಮಕ್ಕಳು ಉಪವಾಸ ಹೋಗ್ತಾರಾ?” ಎಂದು ದೊಡ್ಡ ಪಾತ್ರೆಯನ್ನೇ ಒಲೆಗೇರಿಸಿದೆ. ಒಂದು ಷರತ್ತನ್ನೂ ಹಾಕಿದೆ. “ಆಟ ಮುಗಿದ ಮೇಲೆ ಆ ಮುದ್ದೇನ ಯಾರಾದ್ರೂ ಉಣ್ಣಬೇಕು. ಎಸೆಯಂಗಿಲ್ಲ. ಬಣ್ಣಗಿಣ್ಣ ಬಳಿಯಂಗಿಲ್ಲ.”

ಎಸರು ಕುದಿಯಿತು, ಹಿಟ್ಟು ಬೆಂದಿತು. ಕೋಲು ಹಾಕಿ ತಿರುವುವಾಗ ನನ್ನ ರಟ್ಟೆಯಿಂದ ಎಷ್ಟೋ ತಿಂಗಳ ಆಲಸ್ಯ ಇಳಿದಂತಾಯಿತು. ಆ ವಾಸನೆ ಇದೆಯಲ್ಲ, ಬೆಂದ ರಾಗಿಯದು, ಅದು ಗೋಡೆ ಬಾಗಿಲು ಕೇಳುವುದಿಲ್ಲ. ಹಜಾರಕ್ಕೆ ಹೋಯಿತು, ಮುಚ್ಚಿದ ಕೋಣೆಗೂ ಹೋಗಿರಬೇಕು. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ. ಒಳಗೆ ಬಂದು ಹುರುಳಿಕಾಳಿನ ಬಸ್ಸಾರಿಗೆ ಒಗ್ಗರಣೆ ಹಾಕಿದಳು.

ಆದರೆ ಬರಬೇಕಿದ್ದ ಮೂವರಲ್ಲಿ ಇಬ್ಬರೇ ಬಂದರು. ಮೂರನೆಯವಳಿಗೆ ಆ ಭಾನುವಾರ ಓವರ್‌ಟೈಮ್ ಬಿದ್ದಿತ್ತಂತೆ. ಮಾಂತ್ರಿಕ ಹೇಗೆಂದರೆ, ನನ್ನ ಮೊಮ್ಮಗಳು ಮುಂದೆ ನಿಲ್ಲಬೇಕು. ಉಳಿದ ಮೂವರು ಅವಳ ಬೆನ್ನಿಗೆ ಸಾಲಾಗಿ ನಿಂತು ಕರಿ ದುಪ್ಪಟಿ ಹೊದ್ದು ಮುಖ ಮುಚ್ಚಿಕೊಳ್ಳಬೇಕು. ಎರಡೂ ಪಕ್ಕದಿಂದ ಕೈಗಳು ಮಾತ್ರ ಹೊರಗೆ ಬರಬೇಕು. ಒಬ್ಬಳು ಬಾರದಿದ್ದರೆ ಎರಡು ಕೈ ಕಡಿಮೆ.

“ಆರು ಕೈಲೇ ಮಾಡೋಣ ಬಿಡ್ರೇ,” ಎಂದಳು ಮೊಮ್ಮಗಳು.

ಹಿತ್ತಿಲ ಕಡೆಗಿರುವ ಅವನ ಕಿಟಕಿ ತೆರೆದಿತ್ತು. ಅಲ್ಲಿಂದ, “ಆರು ಕೈ ಮಾಂತ್ರಿಕ ಯಾವ ಸೀಮೆ ಮಾಂತ್ರಿಕ? ಬೈಕಲ್ಲಿ ತ್ರಿಬ್ಬಲ್ ಹೋದಂಗಿರ್ತದೆ,” ಎಂದು ಕೇಳಿಸಿತು.

ಆ ಹುಡುಗಿಯರು ಕಿಸಕ್ಕನೆ ನಕ್ಕರು. ಮೊಮ್ಮಗಳು ಕಿಟಕಿಯ ಕಡೆ ತಿರುಗಲೂ ಇಲ್ಲ. “ಬಾಯಿಗೇನು, ಬಾಯಿ ಎಲ್ಲರಿಗೂ ಐತೆ. ಕೈ ಕೊಡೋರು ಇದ್ರೆ ಬರ್ಲಿ,” ಎಂದಳು. ಅಬ್ಬಾ, ಎಂಥ ಎದೆ ಅವಳದು!

ಆಮೇಲೆ ಹಿಂಬಾಗಿಲ ಚಿಲಕ ಸದ್ದಾಯಿತು. ಅವನು ಬಂದ. ಬಲಗೈಯ ಮೇಲೆ ಟವೆಲ್ ಹಾಗೇ ಇತ್ತು. ಯಾರ ಮುಖವನ್ನೂ ನೋಡದೆ ನೇರ ಹೋಗಿ ದುಪ್ಪಟಿಯೊಳಗೆ ಎಲ್ಲರಿಗಿಂತ ಹಿಂದೆ ಸೇರಿಕೊಂಡ.

ಫೋನನ್ನು ಇಟ್ಟಿಗೆಗಳ ಮೇಲೆ ಒರಗಿಸಿಟ್ಟಿದ್ದರು. ನಾನು ಗಡ್ಡ ಕಟ್ಟಿಕೊಂಡು ಮಣೆಯ ಮೇಲೆ ಕೂತು, ಸ್ಟೀಲ್ ತಟ್ಟೆಯಲ್ಲಿ ಮುದ್ದೆ ಹಿಡಿದು, ನನ್ನ ಮಾತು ಶುರು ಮಾಡಿದೆ. “ಎಲೈ ಮಾಂತ್ರಿಕನೇ! ಈ ಮಾಯಾ ಮುದ್ದೆಯನ್ನು ಉಂಡವನೇ ಮೂರು ಲೋಕಕ್ಕೂ ಅರಸ. ಆದರೆ ಅಗಿಯಕೂಡದು, ನುಂಗಬೇಕು. ಅಗಿದರೆ ನಿನ್ನ ತಲೆ ಸಾವಿರ ಹೋಳಾಗಲಿ!”

ಕೈಗಳ ಜಗಳ ಹತ್ತಿಕೊಂಡಿತು. ಒಂದು ಕೈ, “ದಿನಾ ಕಾಲರ್ ಹೊಲಿಯೋಳು ನಾನು, ನಂಗೇ ಮುದ್ದೆ,” ಎಂದು ಇನ್ನೊಂದನ್ನು ತಳ್ಳಿತು. ಇನ್ನೊಂದು, “ಪಾತ್ರೆ ತಿಕ್ಕೋವಾಗ ನಾನು ಬೇಕು, ಉಣ್ಣೋಕೆ ನೀನಾ?” ಎಂದು ಅದಕ್ಕೆ ಹೊಡೆಯಿತು. ಬಳೆಗಳ ಸದ್ದೇ ಯುದ್ಧದ ಸದ್ದಾಯಿತು. ಹಿಂದಿನಿಂದ ಗಂಡು ಎಡಗೈಯೊಂದು ಮೇಲೆದ್ದು, “ಎಡಗೈ ಅಂತ ಯಾವಾಗ್ಲೂ ನಮ್ಮನ್ನ ಹಿಂದಕ್ಕೆ ತಳ್ತೀರಾ! ನಾವೇನು ಬೇರೆ ಊರೋರಾ?” ಎಂದಿತು. ಅವನ ದನಿ! ಅದೇ ಹಳೆಯ ರಾಜನ ದನಿ.

ಆಗ ನನ್ನ ಮೊಮ್ಮಗಳು ಮೊದಲು ಹೇಳಿಕೊಟ್ಟಿಲ್ಲದ ಮಾತೊಂದನ್ನು ಆಡಿದಳು. ಕೈಗಳನ್ನು ಒಂದೊಂದಾಗಿ ನೋಡಿ ಎಣಿಸಿ, ಮಾಂತ್ರಿಕನ ಗಡಸು ಗಂಟಲಲ್ಲಿ, “ಏನಿದು, ಏಳೇ ಇವೆ! ನನ್ನ ಎಂಟನೇ ಕೈ ಎಲ್ಲಿ? ಯಾರು ಬಚ್ಚಿಟ್ಟರು?” ಎಂದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. ಕೊಟ್ಟಿಗೆಯಲ್ಲಿ ಹಸು ಗೊಂತಿಗೆ ತಲೆ ತಿಕ್ಕುವುದೂ ಕೇಳಿಸುತ್ತಿತ್ತು. ದುಪ್ಪಟಿ ಅಲುಗಾಡಿತು. ಟವೆಲ್ ಅವನ ಕಾಲ ಹತ್ತಿರ ಬಿದ್ದದ್ದು ನನಗೆ ಕಂಡಿತು. ಆಮೇಲೆ ಆ ಕೈ ಹೊರಗೆ ಬಂತು. ಹೊಲಿಗೆಯ ಗೆರೆಗಳು, ಹೆಬ್ಬೆರಳು, ಕಿರುಬೆರಳು, ನಡುವೆ ಬಯಲು. ಬಿಸಿಲಿನಲ್ಲಿ ಅದನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ.

ಮೊಮ್ಮಗಳು ಮಾಂತ್ರಿಕನಾಗಿಯೇ ಕೇಳಿದಳು. “ಎಲವೋ ಕೈಯೇ, ನಿನ್ನ ಮೂರು ಬೆರಳು ಎಲ್ಲಿ?”

ದುಪ್ಪಟಿಯೊಳಗಿಂದ ಉತ್ತರ ಬಂತು. “ಮಹಾಪ್ರಭು, ಮೂರೂ ಸೋಂಪುರದಲ್ಲಿ ಓವರ್‌ಟೈಮ್ ಮಾಡ್ತಾ ಇವೆ. ಲಾಸ್ಟ್ ಬಸ್ಸಿಗೆ ಬರ್ತವಂತೆ.”

ಮೊದಲು ನಕ್ಕವಳು ಅವನ ತಾಯಿ. ಅವಳ ನಗು ಹೇಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಗೋಡೆ ಹಿಡಿದುಕೊಂಡು ನಕ್ಕಳು, ನಗುತ್ತ ಹೊಸ್ತಿಲ ಮೇಲೆ ಕೂತಳು, ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಆ ಹೆಣ್ಣುಮಕ್ಕಳು ನಕ್ಕರು, ದುಪ್ಪಟಿಯೆಲ್ಲ ಕುಲುಕಿತು. ಆ ಗದ್ದಲದಲ್ಲಿ ಅವನು ಹುಡುಗಿಯರ ಪಕ್ಕದಿಂದ ಮುಂದಕ್ಕೆ ನುಗ್ಗಿದ; ಎಂಟನೆಯ ಕೈ ನನ್ನ ತಟ್ಟೆಗೆ ಬಂದು, ಇಡೀ ಮುದ್ದೆಯನ್ನು ಅಂಗೈಗೆ ಬಾಚಿಕೊಂಡು, ಹೆಬ್ಬೆರಳು ಕಿರುಬೆರಳಲ್ಲಿ ಬಿಗಿಹಿಡಿದು, ಮಾಂತ್ರಿಕನ ಬಾಯಿಗೆ ತುರುಕಲು ಹೋಗಿ ಮೂಗಿಗೆ ಮೆತ್ತಿತು. ನಾನು ಕೊನೆಗೆ ಒಂದು ಶಾಪ ಕೊಡಬೇಕಿತ್ತು. ಗಡ್ಡವೆಲ್ಲ ಒದ್ದೆಯಾಗುವ ಹಾಗೆ ಅತ್ತುಬಿಟ್ಟೆ. ಈಗ ಆ ವಿಡಿಯೋ ನೋಡಿದವರು, ಅಜ್ಜಿ ಎಷ್ಟು ಚೆನ್ನಾಗಿ ಅಳುವ ನಟನೆ ಮಾಡಿದ್ದಾರೆ ಎನ್ನುತ್ತಾರಂತೆ.

ಎಲ್ಲರೂ ಹಜಾರದಲ್ಲಿ ಊಟಕ್ಕೆ ಸಾಲಾಗಿ ಕೂತರು. ನನ್ನ ಮಗನೂ ಡೈರಿಯಿಂದ ಬಂದು ಕೂತ. ನಾನು ಷರತ್ತನ್ನು ನೆನಪಿಸಿದೆ. “ಆಟದ ಮುದ್ದೆ ಯಾರು ಉಣ್ತೀರಿ? ಎಸೆಯಂಗಿಲ್ಲ.”

“ಗೆದ್ದೋನು ನಾನು, ನಂದೇ,” ಎಂದು ಮೊಮ್ಮಗ ಸಾಲಿನ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

ಮಗ ತಲೆ ಎತ್ತಿದ. ನನ್ನ ಹಾಗೆಯೇ ಅವನೂ ಆ ಹಳೆಯ ಮಧ್ಯಾಹ್ನವನ್ನು ನೆನೆದಿರಬೇಕು. ಮೊಮ್ಮಗ ಬಲಗೈಯನ್ನೇ ತಟ್ಟೆಗೆ ಇಟ್ಟ. ಹೆಬ್ಬೆರಳಲ್ಲಿ ಮುದ್ದೆ ಒತ್ತಿ ಮುರಿದ. ತುಂಡು ಜಾರಿತು, ಸಾರಿಗೆ ಬಿತ್ತು, ಅಂಗಿಗೆ ಹಾರಿತು.

“ಥೂ, ಮಾಂತ್ರಿಕನ ಕೈಯಿಂದ ಮುದ್ದೇನೇ ತಪ್ಪಿಸ್ಕೊಂಡ್ತಲ್ಲೋ!” ಎಂದಳು ಪಕ್ಕದಲ್ಲಿ ಕೂತಿದ್ದ ಹುಡುಗಿ, ಬಾಯಿ ತುಂಬ ಮುದ್ದೆ ಇಟ್ಟುಕೊಂಡು.

“ಮೂರು ಲೋಕದ ಮುದ್ದೆ ಕಣಕ್ಕಾ, ಸುಲಭಕ್ಕೆ ಸಿಗ್ತದಾ?” ಎಂದ ಅವನು. ಅಂಗಿ ಒರೆಸಿಕೊಳ್ಳಲಿಲ್ಲ, ಏಳಲಿಲ್ಲ. ಇನ್ನೊಂದು ತುಂಡನ್ನು ತಟ್ಟೆಯ ಅಂಚಿಗೆ ಒತ್ತಿ, ಕಿರುಬೆರಳಿಂದ ಮೇಲಕ್ಕೆ ಉರುಳಿಸಿ, ಹೆಬ್ಬೆರಳಿಗೆ ಕೊಟ್ಟು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ನುಂಗಿದ. ಯಾರೂ ಹೇಳಿಕೊಟ್ಟದ್ದಲ್ಲ ಅದು, ಅವನೇ ಕಂಡುಕೊಂಡದ್ದು. ಆ ತುತ್ತು ಅವನ ಗಂಟಲಲ್ಲಿ ಇಳಿಯುವುದನ್ನು ನಾನು ನೋಡಿದೆ. ಈ ಇಬ್ಬರು ಮೊಮ್ಮಕ್ಕಳು ಹುಟ್ಟಿದ ದಿನ ಕೈಗೆತ್ತಿಕೊಂಡಾಗಲೂ ನನ್ನ ಎದೆ ಹೀಗೆ ತುಂಬಿರಲಿಲ್ಲ.

ನಿಧಾನವಾಗಿ ಅದನ್ನು ಮುಗಿಸಿದ. ಉಳಿದವರೆಲ್ಲ ಉಂಡಾಗಿತ್ತು, ಆದರೆ ಯಾರೂ ಎದ್ದಿರಲಿಲ್ಲ. ತಟ್ಟೆಯನ್ನು ಮುಂದಕ್ಕೆ ಸರಿಸಿ, “ಅಜ್ಜಿ, ಇದು ತಣ್ಣಗಾಗಿತ್ತು. ಬಿಸೀದು ಇನ್ನೊಂದು ಹಾಕು,” ಎಂದ.

ಗಡ್ಡ ಬಿಚ್ಚುವುದನ್ನೂ ಮರೆತು ಅಡುಗೆಮನೆಗೆ ಓಡಿದೆ. ಸೊಸೆ ನನಗಿಂತ ಮುಂಚೆಯೇ ಅಲ್ಲಿದ್ದಳು, ಪಾತ್ರೆಯ ತಳದಿಂದ ಹಿಟ್ಟು ತೆಗೆಯುತ್ತಿದ್ದಳು. ನಾನು ಅಂಗೈಗೆ ನೀರು ಮುಟ್ಟಿಸಿಕೊಂಡು, ಹಿಟ್ಟು ತೆಗೆದುಕೊಂಡು, ಅವನಿಗೆ ಹಿಡಿಯಲು ಸುಲಭವಾಗಲಿ ಎಂದು ನಿಂಬೆಹಣ್ಣಿನಷ್ಟು ಚಿಕ್ಕದಾಗಿ ಕಟ್ಟಲು ಹೋದೆ.

ಸೊಸೆ ನನ್ನ ಕೈ ಹಿಡಿದಳು.

“ಎಲ್ಲರಿಗೂ ಕಟ್ಟಿದಷ್ಟೇ ಕಟ್ಟಿ ಅತ್ತೆ,” ಎಂದಳು.